ಬೇಸಿಗೆಯ ಬಟ್ಟೆ, ಬೇಸಿಗೆಯ ನಿಯಮ

ಚೈತ್ರ ಕಳೆದು ವೈಶಾಖ ಸಮೀಪಿಸಿದಂತೆ ಪೇಟೆಯ ಬಟ್ಟೆಯಂಗಡಿಗಳಲ್ಲಿ ಜನಸಂದಣಿ ಹೆಚ್ಚುತ್ತದೆ. ಒಂದೆಡೆ ಮದುವೆಯ ಲಗ್ನಗಳು, ಇನ್ನೊಂದೆಡೆ ಅಕ್ಷಯ ತದಿಗೆಯ ಖರೀದಿ, ಇವುಗಳ ನಡುವೆ ಬಿಸಿಲಿಗೆಂದೇ ಬಂದಿಳಿದ ತೆಳು ಉಡುಪುಗಳ ಹೊಸ ರಾಶಿ. ಕಲಬುರಗಿ, ರಾಯಚೂರುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ದಿನಗಳಲ್ಲಿ ಮೈಗೆ ಹಗುರವಾದ ಬಟ್ಟೆಯನ್ನು ಬಯಸುವುದು ತಪ್ಪಲ್ಲ. ಆ ಬಯಕೆಯನ್ನು ಗೃಹಸ್ಥನು ಹೇಗೆ, ಎಷ್ಟರಮಟ್ಟಿಗೆ ಪೂರೈಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಜೈನ ಆಚಾರಗ್ರಂಥಗಳಲ್ಲಿ ಸಾಕಷ್ಟು ನೇರವಾದ ಸುಳಿವಿದೆ. ಆ ಸುಳಿವನ್ನು ಹಿಡಿದು ಹೊರಟರೆ, ಅನೇಕ ಮನೆಗಳ ಮೂಲೆಯಲ್ಲಿ ಮುಸುಕು ಹೊದ್ದು ನಿಂತಿರುವ ಹೊಲಿಗೆ ಯಂತ್ರದ ಬಳಿಗೆ ಬಂದು ನಿಲ್ಲುತ್ತೇವೆ ಎಂಬುದು ನನ್ನ ನಂಬಿಕೆ.

ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಒಮ್ಮೆ ಅನುಭವಿಸಿ ಬಿಡಬೇಕಾದದ್ದು ಭೋಗ. ಅದಕ್ಕೆ ಅನ್ನ ಉದಾಹರಣೆ. ಮತ್ತೆ ಮತ್ತೆ ಬಳಸಬಹುದಾದದ್ದು ಉಪಭೋಗ. ಅದಕ್ಕೆ ವಸ್ತ್ರ ಉದಾಹರಣೆ. ಇವೆರಡಕ್ಕೂ ಮಿತಿಯನ್ನು ಗೊತ್ತುಮಾಡಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಈ ವ್ರತದಲ್ಲಿ ಎರಡು ಬಗೆಯುಂಟು. ಬದುಕಿರುವವರೆಗೆ ಪಾಲಿಸುವುದು ಯಮ. ಕಾಲದ ಗಡಿ ಹಾಕಿಕೊಂಡು ಪಾಲಿಸುವುದು ನಿಯಮ. ಆ ಕಾಲದ ಗಡಿ ಒಂದು ಹಗಲಾಗಬಹುದು, ಒಂದು ರಾತ್ರಿಯಾಗಬಹುದು, ಪಕ್ಷ, ಮಾಸ, ಋತು, ಅಯನ ಯಾವುದೂ ಆಗಬಹುದು. ಋತುವಿನ ಹೆಸರು ಅಲ್ಲಿ ಬಂದಿರುವುದು ಗಮನಾರ್ಹ. ಒಂದೇ ಒಂದು ಬೇಸಿಗೆಗೆ ಮಾತ್ರ ಬಟ್ಟೆಯ ಲೆಕ್ಕ ಇಟ್ಟುಕೊಳ್ಳುತ್ತೇನೆ ಎನ್ನುವ ಶ್ರಾವಕನಿಗೂ ಆಚಾರ್ಯರು ವ್ರತಿಯ ಪಂಕ್ತಿಯಲ್ಲಿ ಎಡೆ ಕೊಟ್ಟಿದ್ದಾರೆ. (ಪಂಚಾಂಗದ ಗ್ರೀಷ್ಮ ಋತು ಜ್ಯೇಷ್ಠ, ಆಷಾಢಗಳಲ್ಲಿ ಬರುತ್ತದೆ, ನಮ್ಮ ನಾಡಿನ ಬಿಸಿಲು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಮಹಾವೀರ ಜಯಂತಿಯಿಂದ ಚಾತುರ್ಮಾಸದ ಆರಂಭದವರೆಗೆ ಎಂದು ಗಡಿ ಹಾಕಿಕೊಳ್ಳುವುದು ಅನುಕೂಲ.)

ಇಲ್ಲಿ ಒಂದು ಆಕ್ಷೇಪ ಏಳಬಹುದು. ಉಷ್ಣವನ್ನು ಸಹಿಸುವುದು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದಲ್ಲವೇ, ಸೆಕೆಗೆ ಹೆದರಿ ತೆಳುಬಟ್ಟೆ ಹುಡುಕುವುದು ದೇಹಮೋಹವಲ್ಲವೇ ಎಂದು. ಪರೀಷಹಜಯ ಮುನಿಧರ್ಮ. ನಗ್ನತ್ವವೂ ಆ ಇಪ್ಪತ್ತೆರಡರಲ್ಲಿ ಒಂದು ಎಂಬುದನ್ನು ನೆನೆದರೆ, ಆ ಪಟ್ಟಿ ಯಾರನ್ನು ಕುರಿತದ್ದೆಂಬುದು ತಿಳಿಯುತ್ತದೆ. ಬಟ್ಟೆಯ ವಿಷಯದಲ್ಲಿ ದಿಗಂಬರ ಪರಂಪರೆ ಮೆಟ್ಟಿಲುಗಳನ್ನು ಕಟ್ಟಿದೆ. ಕ್ಷುಲ್ಲಕರಿಗೆ ಕೌಪೀನದೊಡನೆ ಮೈಯನ್ನು ಪೂರ್ತಿ ಮುಚ್ಚದಷ್ಟು ಚಿಕ್ಕದಾದ ಒಂದು ಖಂಡವಸ್ತ್ರ. ಐಲಕರಿಗೆ ಕೌಪೀನ ಮಾತ್ರ. ಆರ್ಯಿಕೆಯರಿಗೆ ಬಿಳಿಯ ಸೀರೆ. ಮುನಿಗಳಿಗೆ ದಿಕ್ಕುಗಳೇ ಬಟ್ಟೆ. ಕೆಳಗಿನ ಮೆಟ್ಟಿಲಿನಲ್ಲಿ ನಿಂತ ಗೃಹಸ್ಥನು ಸೆಕೆಯಲ್ಲಿ ಬೆಂದು ಪುಣ್ಯ ಗಳಿಸಬೇಕಾಗಿಲ್ಲ. ಅವನು ಉತ್ತರಿಸಬೇಕಾದ ಪ್ರಶ್ನೆ ಬೇರೆ: ಎಷ್ಟು, ಮತ್ತು ಯಾವ ಜೀವದ ಬೆಲೆಯಲ್ಲಿ?

ಎಷ್ಟು ಎಂಬುದನ್ನು ಮೊದಲು ನೋಡೋಣ. ಸಿದ್ಧ ಉಡುಪನ್ನು ಕೊಳ್ಳುವಾಗ ಕೈಗೆ ಶ್ರಮವಿಲ್ಲ. ಮೊಬೈಲಿನಲ್ಲಿ ಬೆರಳಾಡಿಸಿದರೆ ಸಾಕು, ಮನೆಬಾಗಿಲಿಗೆ ಪೊಟ್ಟಣ ಬರುತ್ತದೆ. ಶ್ರಮವಿಲ್ಲದ ಕಡೆ ಮಿತಿಯನ್ನು ಮನಸ್ಸೊಂದೇ ಹಾಕಬೇಕು. ಮನಸ್ಸು ಆ ಕೆಲಸವನ್ನು ಎಷ್ಟು ಮಟ್ಟಿಗೆ ಮಾಡುತ್ತದೆಂಬುದು ನಮ್ಮ ಕಪಾಟುಗಳನ್ನು ತೆರೆದರೆ ಗೊತ್ತಾಗುತ್ತದೆ. ಹೊಲಿಗೆಯಲ್ಲಿ ಹಾಗಲ್ಲ. ಬಟ್ಟೆ ತಂದು, ನೆನೆಹಾಕಿ, ಒಣಗಿಸಿ, ಅಳೆದು, ಕತ್ತರಿಸಿ, ಹೊಲಿದು, ಕಾಜಾ ಹಾಕಿ, ಗುಂಡಿ ಕೂರಿಸುವಷ್ಟರಲ್ಲಿ ಮೂರನೆಯ ಅಂಗಿಗೇ 'ಇಷ್ಟು ಸಾಕು' ಎಂಬ ಮಾತು ಬೆನ್ನು, ಕಣ್ಣುಗಳಿಂದ ತಾನಾಗಿ ಬರುತ್ತದೆ. ವ್ರತವನ್ನು ಮನಸ್ಸಿನ ಮೇಲಷ್ಟೇ ಹೊರಿಸದೆ ಮೈಯನ್ನೂ ಅದರ ಕಾವಲಿಗೆ ನಿಲ್ಲಿಸುವ ಈ ಉಪಾಯ ನನಗೆ ಬಹಳ ಯುಕ್ತವೆನಿಸುತ್ತದೆ.

ಇನ್ನು ಜೀವದ ಬೆಲೆ. ಇಲ್ಲಿ ನಿಷ್ಠುರವಾಗಿ ಮಾತನಾಡಲೇಬೇಕಾದದ್ದು ರೇಷ್ಮೆಯ ಬಗ್ಗೆ. ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ನೂಲಿನ ಎಳೆ ತುಂಡಾಗುತ್ತದೆಂದು ಅದಕ್ಕೆ ಮುಂಚೆಯೇ ಅದನ್ನು ಬಿಸಿಗೊಡ್ಡಿ ಕೊಲ್ಲುತ್ತಾರೆ. ಆಮೇಲೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲದಿರುವುದೇ ಶ್ರಾವಕನ ಮೊದಲ ಅಣುವ್ರತ. ಹೀಗಿರುವಾಗ ಅಭಿಷೇಕಕ್ಕೆ, ಆರಾಧನೆಗೆ ಪಟ್ಟೆಮಡಿಯೇ ಶ್ರೇಷ್ಠವೆಂಬ ಭಾವನೆ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಉಳಿದಿದೆ. ನೀರನ್ನು ಸೋಸದೆ ಕುಡಿಯದವರು, ಸೂರ್ಯಾಸ್ತದ ಬಳಿಕ ಉಣ್ಣದವರು ಜಿನಬಿಂಬದ ಮುಂದೆ ಮಾತ್ರ ಹುಳುಗಳ ಸಾವಿನಿಂದ ನೇಯ್ದ ವಸ್ತ್ರವನ್ನುಟ್ಟು ನಿಲ್ಲುವುದು ವಿಚಿತ್ರ. ರೇಷ್ಮೆಯನ್ನೇ ನಂಬಿ ಬದುಕುವ ಕುಟುಂಬಗಳು ನಮ್ಮ ರಾಜ್ಯದಲ್ಲಿ ಬಹಳ ಇವೆ. ಅವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ವ್ರತ ತೊಟ್ಟವನ ಪಾಲಿನ ಕರ್ತವ್ಯವನ್ನಷ್ಟೇ ಹೇಳುತ್ತಿದ್ದೇನೆ. ಪೂಜೆಯ ಧೋತ್ರ, ಉತ್ತರೀಯಗಳನ್ನು ಹತ್ತಿಯಲ್ಲಿ ಮಾಡಿಕೊಳ್ಳುವುದಕ್ಕೆ ದೊಡ್ಡ ಹೊಲಿಗೆಯೂ ಬೇಡ, ಅಂಚು ಮಡಿಸಿದರೆ ಮುಗಿಯಿತು. ವೈಶಾಖದ ಸೆಕೆಯಲ್ಲಿ ಗರ್ಭಗೃಹದಲ್ಲಿ ನಿಂತವರಿಗೆ ಅದರ ಹಿತವೂ ತಿಳಿದೀತು.

ಪಾಲಿಯೆಸ್ಟರಿನಲ್ಲಿ ಹುಳು ಸಾಯುವುದಿಲ್ಲವಲ್ಲ ಎನ್ನುವವರುಂಟು. ಅದು ಬೆವರನ್ನು ಹೀರದು, ಮೈಗೆ ಅಂಟಿಕೊಳ್ಳುತ್ತದೆ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ನೀರಿನ ಹನಿಯಲ್ಲಿಯೂ ಜೀವವನ್ನು ಕಂಡ ಧರ್ಮದವರು ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಹಾಗೆಂದು ಹತ್ತಿ ನಿರ್ದೋಷಿಯೆ? ಅಲ್ಲ. ಹತ್ತಿಯ ಹೊಲಕ್ಕೆ ಬೀಳುವ ಕೀಟನಾಶಕದ ಪ್ರಮಾಣ ಸಣ್ಣದಲ್ಲ. ಒಂದು ಹತ್ತಿ ಅಂಗಿಯ ಹಿಂದೆ ಸುಮಾರು 2,700 ಲೀಟರ್ ನೀರಿದೆ ಎಂಬ ಅಂದಾಜು ಪ್ರಸಿದ್ಧವಾಗಿದೆ. ನಮ್ಮ ಪೂರ್ವಾಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿದ್ದು ಇಂಥ ಇಕ್ಕಟ್ಟಿನಲ್ಲೇ ನೆರವಿಗೆ ಬರುತ್ತದೆ. ಗೃಹಕೃತ್ಯದಲ್ಲೂ ಬೇಸಾಯದಲ್ಲೂ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ತಿ ತಪ್ಪಿಸಲಾರ, ಕಡಿಮೆ ಮಾಡಬಲ್ಲ. ನಾಲ್ಕು ವರ್ಷ ಬಾಳುವ ಒಂದು ಹತ್ತಿಯಂಗಿಗೂ ಒಂದೇ ಬೇಸಿಗೆಗೆ ಬಣ್ಣಗೆಟ್ಟು ಮೂಲೆ ಸೇರುವ ನಾಲ್ಕು ಅಂಗಿಗಳಿಗೂ ಇರುವ ಅಂತರವೇ ಇಲ್ಲಿನ ಅಹಿಂಸೆ.

ಅಗ್ಗದ ಮಾತು ಬಂದಾಗ ಮರೆಮಾಚದೆ ಹೇಳಬೇಕಾದ ಇನ್ನೊಂದು ಸಂಗತಿಯುಂಟು. ಕೆಲವೊಮ್ಮೆ ಮನೆಯಲ್ಲಿ ಹೊಲಿದದ್ದಕ್ಕಿಂತ ಸಿದ್ಧ ಉಡುಪೇ ಅಗ್ಗಕ್ಕೆ ಸಿಗುತ್ತದೆ. ಆ ಅಗ್ಗದ ಬೆಲೆಯ ಉಳಿದ ಪಾಲನ್ನು ಯಾರು ತೆತ್ತರು ಎಂದು ಕೇಳಿಕೊಳ್ಳಬೇಕು. 2013ರ ಏಪ್ರಿಲ್ 24ರಂದು ಢಾಕಾದ ಬಳಿಯ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಅವರನ್ನು ಕೆಲಸಕ್ಕೆ ಕರೆಯಲಾಗಿತ್ತು. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆಂದು ಕಲಿತವರು, ಬೆಲೆಚೀಟಿಯನ್ನು ನೋಡಿ ಹಿಗ್ಗುವ ಮುನ್ನ ಮೂರನೆಯ ಬಾಗಿಲನ್ನು ಒಮ್ಮೆ ನೋಡಿಕೊಳ್ಳಬೇಕು.

ಆದಿತೀರ್ಥಂಕರ ವೃಷಭನಾಥರು ಭೋಗಭೂಮಿಯ ಕಾಲ ಮುಗಿದು ಕಂಗೆಟ್ಟಿದ್ದ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಕಲಿಸಿದರೆಂದು ಪುರಾಣ ಹೇಳುತ್ತದೆ. ಶಿಲ್ಪವೆಂದರೆ ಕಲ್ಲಿನ ಕೆತ್ತನೆಯೊಂದೇ ಅಲ್ಲ, ಕೈಗೆಲಸಗಳೆಲ್ಲವೂ ಹೌದು. ಮಹಾರಾಷ್ಟ್ರದ ಸೈತವಾಳ ಜೈನರಿಗೆ ಹೊಲಿಗೆ ಮತ್ತು ಬಟ್ಟೆವ್ಯಾಪಾರ ಪರಂಪರೆಯಿಂದ ಬಂದ ಕಸುಬುಗಳು. ಸೂಜಿ ಹಿಡಿಯುವುದು ನಮ್ಮ ಸಮಾಜಕ್ಕೆ ಹೊಸದೇನೂ ಅಲ್ಲ, ಕೀಳೂ ಅಲ್ಲ.

ಕಲಿಯಲು ಹೊರಟವರಿಗೆ ಬೇಸಿಗೆಯ ಉಡುಪಿಗಿಂತ ಸುಲಭವಾದುದಿಲ್ಲ. ಅದು ಮೈಗೆ ಬಿಗಿಯಾಗಿ ಕೂರಬೇಕಾಗಿಲ್ಲ. ಮಲ್ಮಲ್, ವಾಯಿಲ್, ತೆಳು ಖಾದಿ ಯಾವುದಾದರೂ ಆದೀತು. ಹತ್ತಿ ಮೊದಲ ಒಗೆತಕ್ಕೆ ಕುಗ್ಗುವುದರಿಂದ ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಕತ್ತರಿ ಹಾಕಬೇಕು. ಹಳೆಯ ಕಾಲದ ಜುಬ್ಬಾದ ಕತ್ತರಿಕೆಯಲ್ಲಿ ಒಂದು ಜಾಣ್ಮೆಯಿದೆ: ಮೈಗೆ, ತೋಳುಗಳಿಗೆ ನೇರ ಪಟ್ಟಿಗಳು, ಬಗಲಿನಲ್ಲಿ ಒಂದೊಂದು ಚೌಕ ತುಂಡು. ವಕ್ರಗೆರೆಗಳಿಲ್ಲದ್ದರಿಂದ 2.5 ಮೀಟರ್ ಬಟ್ಟೆಯಲ್ಲಿ ಹಾಳಾಗುವುದು ಬಹಳ ಕಡಿಮೆ. ಬಗಲಿನ ಚೌಕದಿಂದ ತೋಳೆತ್ತಿದಾಗ ಹಿಡಿತವಿಲ್ಲ, ಗಾಳಿಯೂ ಆಡುತ್ತದೆ. ಹೊಲಿಗೆಯನ್ನು ಎರಡು ಬಾರಿ ಹಾಕುವುದು ಒಳ್ಳೆಯದು. ಮೊದಲು ಒಳಮೈಗಳನ್ನು ಸೇರಿಸಿ ಹೊರಗಡೆಯಿಂದ ಸಣ್ಣಗೆ ಹೊಲಿದು, ಅಂಚು ಕತ್ತರಿಸಿ, ಮಗುಚಿ, ಒಳಗಡೆಯಿಂದ ಇನ್ನೊಮ್ಮೆ ಹೊಲಿದರೆ ಎಳೆಬಿಟ್ಟ ಅಂಚು ಹೊಲಿಗೆಯೊಳಗೇ ಅಡಗುತ್ತದೆ. ಬೆವರುಸಾಲೆಯಾದ ಮಕ್ಕಳ ಮೈಗೆ ಅದು ಉಜ್ಜುವುದಿಲ್ಲ, ಅಂಗಿಯ ಆಯುಸ್ಸೂ ಹೆಚ್ಚುತ್ತದೆ. ಗುಂಡಿಗಳನ್ನು ಆರಿಸುವಾಗ ಮಾತ್ರ ಕಣ್ಣು ತೆರೆದಿರಬೇಕು. ಕೊಂಬಿನವು, ಕಪ್ಪೆಚಿಪ್ಪಿನವು ಪ್ರಾಣಿಗಳಿಂದ ಬಂದವು. ಮರದವು ಅಥವಾ ತೆಂಗಿನ ಚಿಪ್ಪಿನವು ಸಾಕು. ಕತ್ತರಿಸುವ ಮುನ್ನ ಬಟ್ಟೆಯನ್ನು ಬೆಳಕಿನಲ್ಲಿ ಬಿಚ್ಚಿ ಮೆಲ್ಲಗೆ ಕೊಡವಿ ನೋಡುವುದು, ಹಗಲಿನಲ್ಲೇ ಹೊಲಿಯುವುದು, ಯಂತ್ರದ ಹಲಗೆಯ ಕೆಳಗೆ ಇರುವೆ ಸೇರದಂತೆ ಒರೆಸಿಡುವುದು ಇವೆಲ್ಲ ಯತ್ನಾಚಾರದ ಸಣ್ಣ ಪಾಠಗಳು. ಮುನಿಗಳು ಪಿಂಛಿಯಿಂದ ಮಾಡುವುದನ್ನು ಗೃಹಸ್ಥನು ಅಂಗೈಯಿಂದ ಮಾಡುತ್ತಾನೆ.

ಉಳಿದ ತುಂಡುಗಳಿಗೂ ಮನೆಯಲ್ಲಿ ಕೆಲಸವಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತ್ರಗಳು ಕೌದಿಯಾಗುತ್ತವೆ. ಮೆತ್ತಗಾದ ಹತ್ತಿಸೀರೆಯ ಸೆರಗು ಹಸುಗೂಸಿನ ಮೊದಲ ಅಂಗಿಯಾಗುತ್ತದೆ, ಹೊಸ ಬಟ್ಟೆಯಲ್ಲಿ ಆ ಮೃದುತ್ವ ಎಲ್ಲಿಯದು? ಆದರೆ ನೀರು ಸೋಸುವ ಬಟ್ಟೆಗೆ ಮಾತ್ರ ಹಳೆಯದು ಸಲ್ಲದು. ಅದು ದಪ್ಪನೆಯ, ಒತ್ತಾದ ನೇಯ್ಗೆಯ ಬಟ್ಟೆಯಾಗಿರಬೇಕು. ಸಂಪ್ರದಾಯದ ಅಳತೆ 36 ಅಂಗುಲ ಉದ್ದ, 24 ಅಂಗುಲ ಅಗಲ, ಎರಡು ಮಡಿಕೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ನೀರು ತಂದ ತಾಣಕ್ಕೇ ಮರಳಿಸಬೇಕು. ನೀರಿನ ಯಂತ್ರಗಳು ಬಂದ ಮೇಲೆ ಈ ಬಟ್ಟೆ ಎಷ್ಟೋ ಅಡುಗೆಮನೆಗಳಿಂದ ಮಾಯವಾಗಿದೆ. ಹೊಲಿಗೆ ಕಲಿಯುವ ಮಗುವಿನ ಕೈಗೆ ಮೊದಲು ಕೊಡಬೇಕಾದದ್ದು ಇದನ್ನೇ ಎಂಬುದು ನನ್ನ ಸಲಹೆ. ನಾಲ್ಕು ಅಂಚು ಮಡಿಸಿ ನೇರವಾಗಿ ಹೊಲಿದರೆ ಮುಗಿಯುತ್ತದೆ. ಹೊಲಿಗೆ ಕೊಂಚ ಸೊಟ್ಟಗಾದರೂ ಬಟ್ಟೆಯ ಕೆಲಸ ಕೆಡುವುದಿಲ್ಲ.

ಈ ಸಲಹೆಗೆ ಅಪಾಯಗಳೂ ಇವೆ. ಅಡುಗೆ, ವ್ರತದ ಪಾರಣೆ, ಆಹಾರದಾನದ ಸಿದ್ಧತೆ ಎಲ್ಲವನ್ನೂ ಹೊತ್ತಿರುವ ಶ್ರಾವಿಕೆಯ ತಲೆಗೆ ಹೊಲಿಗೆಯನ್ನೂ ಹೊರಿಸಿ, ಗಂಡಸರು ಅಪರಿಗ್ರಹದ ಕೀರ್ತಿ ಪಡೆಯುವುದು ಅನ್ಯಾಯ. ವ್ರತ ಯಾರದೋ ಸೂಜಿಯೂ ಅವರದೇ ಆಗಲಿ. ಬೀದಿಯ ಕೊನೆಯ ದರ್ಜಿಯ ಅನ್ನವನ್ನೂ ಕಸಿಯಬಾರದು. ಕುಪ್ಪಸ, ಷರಾಯಿಗಳಂಥ ಅಳತೆಯ ನಾಜೂಕಿನ ಕೆಲಸ ಅವನಿಗಿರಲಿ, ಚೌಕಾಸಿ ಮಾಡದೆ ಕೂಲಿ ಕೊಡೋಣ. ಮೂರನೆಯ ಅಪಾಯ ಹೆಚ್ಚು ಸೂಕ್ಷ್ಮವಾದುದು. ಹೊಲಿಗೆಯ ರುಚಿ ಹತ್ತಿದವರ ಮನೆಯಲ್ಲಿ 'ಎಂದಾದರೂ ಹೊಲಿಯೋಣ' ಎಂದು ತಂದ ಬಟ್ಟೆಗಳೇ ಪೆಟ್ಟಿಗೆ ತುಂಬುತ್ತವೆ. ಲೇಸು, ದಾರ, ಬಗೆಬಗೆಯ ಗುಂಡಿಗಳು ಬೇರೆ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಅದರ ಮೇಲಿನ ಮೂರ್ಛೆಯಲ್ಲಿ ಕಂಡದ್ದು ಇದಕ್ಕೇ. ಹೊಲಿಯದ ಬಟ್ಟೆಯೂ ಪರಿಗ್ರಹವೇ. ಹಾಗಾಗಿ ನಿಯಮ ತೊಡುವಾಗ ಹೊಲಿದ ಉಡುಪುಗಳ ಜೊತೆಗೆ ಹೊಲಿಯಲೆಂದು ತಂದ ಮೀಟರುಗಳನ್ನೂ ಲೆಕ್ಕಕ್ಕೆ ಸೇರಿಸಬೇಕು.

ಅಕ್ಷಯ ತದಿಗೆ ವೃಷಭನಾಥರು ದೀರ್ಘ ಉಪವಾಸದ ಬಳಿಕ ಹಸ್ತಿನಾಪುರದಲ್ಲಿ ಶ್ರೇಯಾಂಸನಿಂದ ಕಬ್ಬಿನ ರಸವನ್ನು ಸ್ವೀಕರಿಸಿದ ದಿನ. ಪ್ರಜೆಗಳಿಗೆ ಶಿಲ್ಪವನ್ನು ಕಲಿಸಿದವರೂ ಅವರೇ, ಬಟ್ಟೆಯನ್ನೆಲ್ಲ ತೊರೆದು ಬಿಸಿಲಿನಲ್ಲಿ ಆಹಾರಕ್ಕೆ ಬಂದು ನಿಂತವರೂ ಅವರೇ. ಆ ದಿನದ ಖರೀದಿಯ ಪಟ್ಟಿ ಬರೆಯುವ ಮುನ್ನ ಕಪಾಟಿನಲ್ಲಿರುವುದನ್ನು ಒಮ್ಮೆ ಹೊರಗೆ ಹರವಿ ಎಣಿಸಿ ನೋಡಬಹುದು. ಈ ಬೇಸಿಗೆಗೆ ಬೇಕಾದುವನ್ನು ಬೇರ್ಪಡಿಸಿ, ಹರಿದುವನ್ನು ಹೊಲಿಗೆಯ ಬುಟ್ಟಿಗೆ ಹಾಕಿ, ಉಳಿದುವನ್ನು ಮಡಿಚಿ ಕೊಡಬೇಕಾದವರಿಗೆ ಕೊಟ್ಟ ಮೇಲೆ, ಎಷ್ಟು ಮೀಟರ್ ಬಟ್ಟೆ ತರಬೇಕೆಂಬುದು ಅಂಗಡಿಗೆ ಹೋಗುವ ಮೊದಲೇ ತಿಳಿದಿರುತ್ತದೆ.