ಒಣಗಿದ ಹುಲ್ಲು ಸತ್ತ ಹುಲ್ಲಲ್ಲ

ಹಸಿರು ಬಣ್ಣವೇ ನೆಲದ ಆರೋಗ್ಯದ ಗುರುತು ಎಂಬ ನಂಬಿಕೆ ಇಂದು ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕಂದುಬಣ್ಣದ ನೆಲವನ್ನು ಕಂಡೊಡನೆ ಅದನ್ನು ಪಾಳು ಎಂದು ಕರೆಯಲು ಯಾರೂ ಹಿಂಜರಿಯುವುದಿಲ್ಲ. ಈ ನಂಬಿಕೆಯನ್ನು ಒರೆಗೆ ಹಚ್ಚಲು ಸಾಕ್ಷಿಯೊಂದು ಅನಿರೀಕ್ಷಿತ ಮೂಲೆಯಿಂದ ದೊರೆಯುತ್ತದೆ. ಅದು 1976ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಗಾಲ್ಫ್ ಪಂದ್ಯಾವಳಿ. ಉಳ್ಳವರ ಆಟವೆಂದೇ ಹೆಸರಾದ ಗಾಲ್ಫಿಗೂ ಮಲೆನಾಡಿನ ಬೆಟ್ಟಗಳಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಆ ಸಂಬಂಧ ಹುಲ್ಲಿನದು.

ಗಾಲ್ಫ್ ಕಾಣದವರಿಗಾಗಿ ಎರಡು ಮಾತು. ವಿಶಾಲವಾದ ಹುಲ್ಲಿನ ಬಯಲಿನಲ್ಲಿ ಹದಿನೆಂಟು ಪುಟ್ಟ ಗುಳಿಗಳಿರುತ್ತವೆ. ಗುಳಿಯ ಸುತ್ತಲಿನ ನುಣುಪು ಹುಲ್ಲಿನ ತುಣುಕಿಗೆ ‘ಗ್ರೀನ್’ ಎಂದು ಹೆಸರು. ಅದರ ಪಕ್ಕದಲ್ಲಿ ‘ಬಂಕರ್’ ಎಂಬ ಮರಳಿನ ಹೊಂಡಗಳಿರುತ್ತವೆ. ಆಟಗಾರನು ಪುಟ್ಟ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ಒಂದೊಂದೇ ಗುಳಿಗೆ ಬೀಳಿಸುತ್ತ ಸಾಗಬೇಕು. ನಾಲ್ಕು ದಿನಗಳಲ್ಲಿ ಒಟ್ಟು ಅತಿ ಕಡಿಮೆ ಹೊಡೆತ ತೆಗೆದುಕೊಂಡವನೇ ವಿಜಯಿ.

1860ರಲ್ಲಿ ಆರಂಭವಾದ ‘ಓಪನ್ ಚಾಂಪಿಯನ್‌ಷಿಪ್’ ಈ ಆಟದ ಅತಿ ಹಳೆಯ ಮಹಾಪಂದ್ಯಾವಳಿ. ಅದರ 105ನೆಯ ಆವೃತ್ತಿ 1976ರ ಜುಲೈ 7ರಿಂದ 10ರವರೆಗೆ ಇಂಗ್ಲೆಂಡಿನ ವಾಯವ್ಯ ಕರಾವಳಿಯ ಸೌತ್‌ಪೋರ್ಟ್ ಬಳಿಯ ರಾಯಲ್ ಬರ್ಕ್‌ಡೇಲ್ ಮೈದಾನದಲ್ಲಿ ನಡೆಯಿತು. ಆ ವರ್ಷ ಇಂಗ್ಲೆಂಡು ಕಂಡು ಕೇಳರಿಯದ ಬರಕ್ಕೆ ಸಿಲುಕಿತ್ತು. 1975ರ ಬೇಸಗೆಯಿಂದಲೇ ಮಳೆ ಕೈಕೊಟ್ಟಿತ್ತು. 1976ರ ಜೂನ್ 23ರಿಂದ ಜುಲೈ 7ರವರೆಗೆ ಸತತ ಹದಿನೈದು ದಿನ ಇಂಗ್ಲೆಂಡಿನ ಒಂದಲ್ಲ ಒಂದು ಕಡೆ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿತು. ಜುಲೈ 3ರಂದು ಚೆಲ್ಟನ್‌ಹ್ಯಾಮ್‌ನಲ್ಲಿ 35.9 ಡಿಗ್ರಿ ದಾಖಲಾಯಿತು. ಆಗಸ್ಟ್‌ನಲ್ಲಿ ಬ್ರಿಟಿಷ್ ಸಂಸತ್ತು ಬರಕ್ಕೆಂದೇ ಪ್ರತ್ಯೇಕ ಕಾಯಿದೆ ಮಾಡಿತು, ಬರದ ಹೊಣೆ ಹೊತ್ತ ಸಚಿವರೊಬ್ಬರ ನೇಮಕವೂ ಆಯಿತು. ಮನೆಯ ನಲ್ಲಿ ಬತ್ತಿದ ಕೆಲವೆಡೆ ಜನ ಬೀದಿ ನಲ್ಲಿಯ ಮುಂದೆ ಬಕೆಟ್ ಹಿಡಿದು ನಿಂತರು.

ಇಂಥ ಕಾಲದಲ್ಲಿ ಬರ್ಕ್‌ಡೇಲ್‌ನ ಹುಲ್ಲು ಒಣಗಿ, ನೆಲವೆಲ್ಲ ಗೋಧಿಯ ಕೂಳೆಯ ಬಣ್ಣಕ್ಕೆ ತಿರುಗಿತ್ತು. ಆಟ ಮಾತ್ರ ನಿಲ್ಲಲಿಲ್ಲ. ಅದಕ್ಕೆ ಹೊಸ ಕಳೆಯೇ ಬಂತು. ಉತ್ತರ ಸ್ಪೇನಿನ ಪೆಡ್ರೆನ್ಯಾ ಎಂಬ ಹಳ್ಳಿಯಿಂದ ಬಂದ ಹತ್ತೊಂಬತ್ತು ವರ್ಷದ ಸೆವೆ ಬ್ಯಾಲೆಸ್ಟೆರೋಸ್ ಮೂರು ದಿನಗಳ ಆಟ ಮುಗಿದಾಗ ಎರಡು ಹೊಡೆತಗಳಿಂದ ಮುಂದಿದ್ದ. ಬಾಲ್ಯದಲ್ಲಿ ಒಂದೇ ಒಂದು ಕೋಲು ಹಿಡಿದು ಸಮುದ್ರದಂಡೆಯ ಮರಳಿನಲ್ಲಿ ಆಟ ಕಲಿತ ರೈತನ ಮಗ ಆತ. ಕೊನೆಯ ದಿನ 66 ಹೊಡೆತಗಳಲ್ಲಿ ಸುತ್ತು ಮುಗಿಸಿದ ಅಮೆರಿಕದ ಜಾನಿ ಮಿಲ್ಲರ್ ಒಟ್ಟು 279ರೊಂದಿಗೆ ಆರು ಹೊಡೆತಗಳ ಅಂತರದಿಂದ ಗೆದ್ದ. ಆದರೂ ಆ ಪಂದ್ಯಾವಳಿ ಇಂದಿಗೂ ನೆನಪಾಗುವುದು ಸೋತ ಹುಡುಗನ ಒಂದು ಹೊಡೆತದಿಂದ.

ಕೊನೆಯ ಗುಳಿಯ ಬಳಿ ಆತನ ಚೆಂಡು ಗ್ರೀನ್‌ನ ಎಡಕ್ಕೆ ಬಿದ್ದಿತ್ತು. ಗುಳಿಗೂ ಚೆಂಡಿಗೂ ನಡುವೆ ಎರಡು ಬಂಕರುಗಳು, ಅವುಗಳ ಮಧ್ಯೆ ಇಕ್ಕಟ್ಟಾದ ಗಟ್ಟಿ ನೆಲದ ಹಾದಿ. ಚೆಂಡನ್ನು ಎತ್ತರಕ್ಕೆ ಹಾರಿಸುವುದು ವಾಡಿಕೆ. ಬ್ಯಾಲೆಸ್ಟೆರೋಸ್ ಹಾಗೆ ಮಾಡದೆ, ಆ ಸಂದಿಯಲ್ಲಿ ಚೆಂಡನ್ನು ನೆಲದ ಮೇಲೆಯೇ ಓಡಿಸಿ ಗುಳಿಯಿಂದ ನಾಲ್ಕಡಿ ಸಮೀಪಕ್ಕೆ ತಂದ. ಮುಂದಿನ ಹೊಡೆತಕ್ಕೆ ಚೆಂಡು ಗುಳಿ ಸೇರಿತು. ಹೀಗೆ ಮಹಾನ್ ಆಟಗಾರ ಜ್ಯಾಕ್ ನಿಕ್ಲಾಸ್‌ರೊಂದಿಗೆ ಎರಡನೆಯ ಸ್ಥಾನ ಹಂಚಿಕೊಂಡ ಹುಡುಗ ಮುಂದೆ 1979, 1984 ಮತ್ತು 1988ರಲ್ಲಿ ಇದೇ ಓಪನ್ ಗೆದ್ದ. ನೀರು ಕುಡಿದು ಮೆತ್ತಗಾದ ಹಸಿರು ನೆಲದಲ್ಲಿ ಅಂಥ ಹೊಡೆತ ಸಾಗುವುದಿಲ್ಲ, ಚೆಂಡು ಅರ್ಧದಲ್ಲೇ ಕಾಲೂರುತ್ತದೆ. ಬರ ನೆಲವನ್ನು ಗಟ್ಟಿಗೊಳಿಸಿತ್ತು, ಆ ಗಟ್ಟಿ ನೆಲವನ್ನು ಓದಬಲ್ಲವನಿಗೆ ದಾರಿ ಕಂಡಿತು.

ಹಾಗಾದರೆ ಒಣಗಿದ ಆ ಹುಲ್ಲಿನ ಗತಿಯೇನಾಯಿತು? ಬ್ರಿಟನ್ನಿನ ಕಡಲಂಚಿನ ಮೈದಾನಗಳಲ್ಲಿ ಬೆಳೆಯುವುದು ಫೆಸ್ಕ್ಯೂ ಮತ್ತು ಬೆಂಟ್ ಎಂಬ ಸೂಜಿ ಎಲೆಯ ಹುಲ್ಲುಗಳು. ಬಡ ಮರಳು ನೆಲ, ಉಪ್ಪುಗಾಳಿ ಮತ್ತು ಅನಾವೃಷ್ಟಿಗೆ ಅವು ಒಗ್ಗಿಕೊಂಡಿವೆ. ನೀರಿಲ್ಲದಾಗ ಇವು ಎಲೆಯನ್ನು ಒಣಗಲು ಬಿಟ್ಟು, ಮಣ್ಣಿನ ಮಟ್ಟದಲ್ಲಿರುವ ಬುಡ ಮತ್ತು ಬೇರುಗಳಲ್ಲಿ ಜೀವ ಹಿಡಿದು ನಿದ್ರಿಸುತ್ತವೆ. ಮಳೆ ಬಂದೊಡನೆ ಮತ್ತೆ ಚಿಗುರುತ್ತವೆ. 1976ರ ಆಗಸ್ಟ್ ಕೊನೆಯಲ್ಲಿ ಇಂಗ್ಲೆಂಡಿಗೆ ಮಳೆ ಮರಳಿತು, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಧಾರಾಳವಾಗಿ ಸುರಿಯಿತು. ನೆಲ ಹಸಿರಾಯಿತು. ಸಸ್ಯಶಾಸ್ತ್ರ ಇದನ್ನು ಸುಪ್ತಾವಸ್ಥೆ ಎನ್ನುತ್ತದೆ. ಬೇಸಗೆಯಲ್ಲಿ ಸತ್ತಂತೆ ಕಂಡ ಬೇಣದ ಹುಲ್ಲು ಮೊದಲ ಮಳೆಗೆ ಮೊಳೆಯುವುದನ್ನು ನೋಡಿದ ರೈತನಿಗೆ ಈ ಪದದ ಹಂಗಿಲ್ಲ.

ಇದಕ್ಕೆ ತದ್ವಿರುದ್ಧವಾದ ಚಿತ್ರ ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾದ್ದು. ಹಣ್ಣು ಹಾಗೂ ಹೂವಿನ ಗಿಡಗಳ ಹಳೆಯ ನರ್ಸರಿಯೊಂದರ ನೆಲದಲ್ಲಿ ರೂಪುಗೊಂಡ ಈ ಮೈದಾನದಲ್ಲಿ 1934ರಿಂದ ‘ಮಾಸ್ಟರ್ಸ್’ ಪಂದ್ಯಾವಳಿ ನಡೆಯುತ್ತಿದೆ. ಅದು 1956ರಲ್ಲಿ ದೂರದರ್ಶನಕ್ಕೆ ಬಂತು, 1966ರಲ್ಲಿ ಬಣ್ಣದಲ್ಲಿ ಪ್ರಸಾರವಾಯಿತು. ಕಲೆಯಿಲ್ಲದ ಕಡುಹಸಿರು, ಅದರಂಚಿಗೆ ಅಜೇಲಿಯಾ ಹೂಗಳು. ಮನೆಯಲ್ಲಿ ಕುಳಿತು ನೋಡಿದವರಿಗೆ ಮೈದಾನವೆಂದರೆ ಹೀಗೇ ಇರಬೇಕೆಂಬ ಭಾವನೆ ಬೆಳೆಯಿತು. ತಮ್ಮ ಊರಿನ ಮೈದಾನವೂ ವರ್ಷವಿಡೀ ಹಾಗೆ ಹೊಳೆಯಲೆಂದು ಸದಸ್ಯರು ಹಟ ಹಿಡಿದರು. ಮೈದಾನ ನಿರ್ವಹಿಸುವವರು ಈ ಹಟಕ್ಕೆ ‘ಆಗಸ್ಟಾ ಸಿಂಡ್ರೋಮ್’ ಎಂದೇ ಹೆಸರಿಟ್ಟಿದ್ದಾರೆ.

ಆ ಹಸಿರಿನ ಒಳಗುಟ್ಟು ತಿಳಿಯತಕ್ಕದ್ದು. ಆಗಸ್ಟಾದ ಮೂಲ ಹುಲ್ಲು ‘ಬರ್ಮುಡಾ’. ಹೆಸರು ಪರದೇಶಿಯಾದರೂ ಅದು ಕನ್ನಡಿಗರು ಗಣೇಶನಿಗೆ ಏರಿಸುವ ಗರಿಕೆಯ ಕುಲದ್ದೇ. ಚಳಿಗೆ ಗರಿಕೆ ಕಂದಾಗಿ ಮಲಗುವುದು ಅದರ ಧರ್ಮ. ಆ ನಿದ್ರೆ ಕಣ್ಣಿಗೆ ಬೀಳದಂತೆ ಶರತ್ಕಾಲದಲ್ಲಿ ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತಲಾಗುತ್ತದೆ. ಏಪ್ರಿಲ್‌ನಲ್ಲಿ ಜಗತ್ತು ಮೆಚ್ಚುವ ಹಸಿರು ಬಹುಮಟ್ಟಿಗೆ ಈ ಹೊದಿಕೆಯದು. ಬೇಸಗೆಯ ಕಾವು ಏರಿದಂತೆ ರೈ ಸಾಯುತ್ತದೆ, ಗರಿಕೆ ಏಳುತ್ತದೆ, ಮರುವರ್ಷ ಮತ್ತೆ ಬಿತ್ತನೆ. ಹಣವುಳ್ಳ ಒಂದು ಮೈದಾನ ಇದನ್ನು ನಿಭಾಯಿಸೀತು. ಎಲ್ಲೆಡೆ ಇದನ್ನೇ ಅನುಕರಿಸಿದಾಗ ಅದರ ಬೆಲೆಯನ್ನು ನೀರು ಮತ್ತು ಮಣ್ಣು ತೆರಬೇಕಾಗುತ್ತದೆ. ದಿನವೂ ಮೇಲುಮೇಲೆ ನೀರು ಕುಡಿದ ಹುಲ್ಲಿನ ಬೇರು ಆಳಕ್ಕೆ ಇಳಿಯುವುದಿಲ್ಲ. ಸಾರಜನಕ ಸುರಿದರೆ ಎಲೆ ಕೊಬ್ಬುತ್ತದೆ, ಬೇರು ಬಡವಾಗುತ್ತದೆ. ಸದಾ ತೇವವಾಗಿರುವ ಎಲೆಗೆ ಶಿಲೀಂಧ್ರ ರೋಗ ತಗಲುತ್ತದೆ, ರೋಗಕ್ಕೆ ಔಷಧಿ ಸಿಂಪಡಿಸಬೇಕಾಗುತ್ತದೆ. ಅಡಿಕೆ ತೋಟಕ್ಕೆ ಅತಿಯಾಗಿ ನೀರು, ಗೊಬ್ಬರ ಕೊಟ್ಟು ಕೈಸುಟ್ಟುಕೊಂಡವರಿಗೆ ಈ ಸರಪಳಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಲ್ಫ್ ಲೋಕದಲ್ಲಿಯೂ ಈ ಅರಿವು ತಡವಾಗಿಯಾದರೂ ಮೂಡಿದೆ. 2006ರ ಓಪನ್ ಹಾಯ್‌ಲೇಕ್‌ನ ಒಣಗಿ ಕಂದಾದ ಮೈದಾನದಲ್ಲಿ ನಡೆದು, ಟೈಗರ್ ವುಡ್ಸ್ ಗೆದ್ದರು. 2014ರ ಅಮೆರಿಕನ್ ಓಪನ್ ನಡೆದ ಉತ್ತರ ಕೆರೊಲಿನಾದ ಪೈನ್‌ಹರ್ಸ್ಟ್ ಮೈದಾನದಲ್ಲಿ ಹತ್ತಾರು ಎಕರೆ ಹಸಿರು ಹುಲ್ಲುಹಾಸನ್ನು ಅದಕ್ಕೆ ಮೊದಲೇ ಕಿತ್ತು, ಮರಳು ಮತ್ತು ಸ್ಥಳೀಯ ಹುಲ್ಲುಗಳಿಗೆ ಎಡೆಮಾಡಿಕೊಡಲಾಗಿತ್ತು. ನೂರಾರು ತುಂತುರು ನಳಿಕೆಗಳನ್ನು ತೆಗೆದುದರಿಂದ ನೀರಿನ ಬಳಕೆಯೂ ಬಹಳ ತಗ್ಗಿತು. ಪರದೆಯ ಮೇಲೆ ಅದು ಚೆನ್ನಾಗಿ ಕಾಣುವುದಿಲ್ಲವೆಂದು ಕೆಲವರು ಮೂಗು ಮುರಿದರು. ನೆಲದ ಹಿತಕ್ಕಿಂತ ಕಣ್ಣಿನ ರೂಢಿ ದೊಡ್ಡದಾದಾಗ ಬರುವ ಮಾತು ಇದು.

ಇದೇ ಕಣ್ಣು ಪಶ್ಚಿಮ ಘಟ್ಟದ ಬೆಟ್ಟಗಳನ್ನೂ ನೋಡುತ್ತಿದೆ ಎಂಬುದೇ ಇಲ್ಲಿನ ಕಳವಳ. ಕುದುರೆಮುಖ, ಬಾಬಾಬುಡನ್‌ಗಿರಿ, ಪುಷ್ಪಗಿರಿಗಳ ನೆತ್ತಿಯ ಹುಲ್ಲುಗಾವಲು ಮಳೆಗಾಲದಲ್ಲಿ ಹಸಿರಾಗಿ, ಮಳೆ ಹಿಂದೆಗೆದ ಮೇಲೆ ತೆನೆ ಬಿಟ್ಟು, ಬೇಸಗೆಗೆ ಹೊಂಬಣ್ಣಕ್ಕೆ ತಿರುಗುತ್ತದೆ. ಹುಲ್ಲಿನ ಬೇರಿನ ಹೆಣಿಗೆ ಇಳಿಜಾರಿನ ಮಣ್ಣನ್ನು ಹಿಡಿಯುತ್ತದೆ, ಮಳೆನೀರನ್ನು ತಡೆದು ಇಂಗಿಸಿ ಹಳ್ಳಕ್ಕೆ ಮೆಲ್ಲನೆ ಬಿಡುತ್ತದೆ. ಕಣಿವೆಯ ಶೋಲಾ ಕಾಡೂ ನೆತ್ತಿಯ ಹುಲ್ಲೂ ಒಂದೇ ಸಂಸಾರ. ಆದರೂ ಬೋಳು ಗುಡ್ಡವೆಂಬ ಹೆಸರು ಹೊತ್ತ ಇಂಥ ನೆಲಗಳಿಗೆ ಅಕೇಶಿಯಾ, ನೀಲಗಿರಿ, ವ್ಯಾಟಲ್ ಗಿಡಗಳನ್ನು ನೆಟ್ಟು ಹಸಿರೀಕರಣವೆಂದು ಕರೆದ ಇತಿಹಾಸ ಘಟ್ಟದುದ್ದಕ್ಕೂ ಇದೆ. ವರ್ಷವಿಡೀ ಹಸಿರಾಗಿ ನಿಲ್ಲುವ ಅಕೇಶಿಯಾ ತೋಪಿನ ಕೆಳಗೆ ದನ ಮೇಯುವ ಹುಲ್ಲು ಎಷ್ಟಿದೆ? ಆಗಸ್ಟಾದ ರೈ ಹುಲ್ಲಿನಂತೆ ಅದೂ ಒಂದು ಹೊದಿಕೆ, ಬೀಜಕ್ಕೆ ಬದಲು ಸಸಿ ಅಷ್ಟೆ.

ಕಂದಾದ ನೆಲವೆಲ್ಲ ಆರೋಗ್ಯದ ನೆಲವೇ ಎಂದು ವಾದಿಸುವುದೂ ಅಷ್ಟೇ ತಪ್ಪು. ಮಿತಿಮೀರಿದ ಮೇವು, ವರ್ಷವರ್ಷದ ಬೆಂಕಿ ಮತ್ತು ಗಣಿಯಿಂದ ನಿಜಕ್ಕೂ ಕೆಟ್ಟ ಗುಡ್ಡಗಳಿವೆ. ಮಲಗಿದ ನೆಲಕ್ಕೂ ಕೆಟ್ಟ ನೆಲಕ್ಕೂ ಇರುವ ಭೇದವನ್ನು ಬಣ್ಣ ಹೇಳಲಾರದು, ಬುಡ ಹೇಳುತ್ತದೆ. ಏಪ್ರಿಲ್‌ನಲ್ಲಿ ಒಣ ಹುಲ್ಲಿನ ಗೆಡ್ಡೆಯನ್ನು ಕೈಯಲ್ಲಿ ಹಿಡಿದೆಳೆದರೆ ಅದು ಮಣ್ಣನ್ನು ಬಿಗಿಯಾಗಿ ಹಿಡಿದಿದೆಯೇ? ಮೊದಲ ಮಳೆಯ ನಂತರ ಬುಡದಿಂದ ಹೊಸ ಚಿಗುರು ಬರುತ್ತದೆಯೇ? ಒಂದು ಮಾರು ಜಾಗದಲ್ಲಿ ಎಷ್ಟು ಬಗೆಯ ಹುಲ್ಲು, ಗಿಡ, ಹೂಗಳಿವೆ? ಮಳೆಯ ನೀರು ಕೆಂಪಾಗಿ ಹರಿಯುತ್ತದೆಯೋ ತಿಳಿಯಾಗಿಯೋ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಲು ಪ್ರಯೋಗಾಲಯ ಬೇಡ. ಶಾಲೆಯ ಮಕ್ಕಳು ಒಂದು ವರ್ಷ ಗಮನಿಸಿ ಬರೆದಿಟ್ಟರೆ ಸಾಕು.

ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಸಸಿಗಳು ಬಂದಿಳಿಯುವ ಮೊದಲು ಈ ಬರಹ ಗ್ರಾಮಸಭೆಯ ಮುಂದಿರಬೇಕು. ಜೀವವೈವಿಧ್ಯ ಕಾಯಿದೆಯಡಿ ಪಂಚಾಯತಿ ಮಟ್ಟದಲ್ಲಿ ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಊರಿನ ಹುಲ್ಲುಗುಡ್ಡಗಳೂ ತಮ್ಮ ಹೆಸರು, ತಮ್ಮ ಹುಲ್ಲುಗಳ ಹೆಸರಿನೊಂದಿಗೆ ಸೇರಬೇಕು. ಕಾಗದದ ಮೇಲೆ ಹುಲ್ಲುಗಾವಲೆಂದು ದಾಖಲಾದ ನೆಲವನ್ನು ಪಾಳು ಎನ್ನುವುದು ಅಷ್ಟು ಸುಲಭವಲ್ಲ. ಮರ ನೆಡಲು ಕೆಟ್ಟ ನೆಲ ಬೇಕಾದಷ್ಟಿದೆ, ಅಲ್ಲಿ ಊರಿನ ಮರಗಳನ್ನೇ ನೆಡಲಿ. ಮಲಗಿದ ಹುಲ್ಲನ್ನು ಮಳೆ ಬರುವವರೆಗೆ ಮಲಗಲು ಬಿಡುವುದೂ ಪರಿಸರದ ಕೆಲಸವೇ.