ತಂತ್ರಾಂಶ ಉಚಿತ, ಕಡತಕ್ಕೆ ಬೀಗ!

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಶಕ್ತಿಯಿಲ್ಲದ ನಾನು ಹಳೆಯದಕ್ಕೇ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಪ್ರಾಜೆಕ್ಟ್ ವರದಿ, ರೆಸ್ಯೂಮೆ, ಮನೆಖರ್ಚಿನ ಲೆಕ್ಕ ಎಲ್ಲವೂ ಈಗ ಲಿಬ್ರೆ ಆಫೀಸ್‌ನಲ್ಲೇ. ಕಾಸು ಖರ್ಚಿಲ್ಲ, ಕದ್ದ ಪ್ರತಿಯ ಅಳುಕೂ ಇಲ್ಲ.

ತೊಡಕು ಬಂದದ್ದು ಬೇರೆಯವರ ಕಡತ ತೆರೆದಾಗ. ಕಚೇರಿಯೊಂದು ಕಳಿಸಿದ ಅರ್ಜಿ ನಮೂನೆ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿತ್ತು. ಇಂಥ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ವಿಂಡೋಸ್‌ನಲ್ಲೂ ಇದೇ ಗತಿ, ಆದರೆ ಬೈಗುಳ ಮಾತ್ರ ಉಚಿತ ತಂತ್ರಾಂಶಕ್ಕೆ! ಕೊನೆಗೆ ಡಿಟಿಪಿ ಅಂಗಡಿಗೆ ದುಡ್ಡು ಕೊಟ್ಟು ನಮೂನೆ ತುಂಬಿಸಿದೆ.

ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಸರ್ಕಾರಿ ಕಂಪ್ಯೂಟರ್‌ಗಳಿಗೆ ಲಿಬ್ರೆ ಆಫೀಸ್ ತರುವುದಾಗಿ 2024ರಲ್ಲಿ ಪ್ರಕಟಿಸಿತು. ಎರಡೂ ಕಡೆ ಮೊದಲ ಹೆಜ್ಜೆ ಇಟ್ಟದ್ದು ಸರ್ಕಾರ. ನಮ್ಮಲ್ಲಿ ಅಷ್ಟು ದೊಡ್ಡ ಬದಲಾವಣೆ ಬೇಡ. ಸಾರ್ವಜನಿಕರಿಗೆ ಕೊಡುವ ನಮೂನೆಗಳನ್ನಾದರೂ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ, ಮುಕ್ತವಾದ ಒಡಿಎಫ್ ಮಾದರಿಯಲ್ಲೂ ಕೊಡಲಿ. ಅದಕ್ಕೆ ಟೆಂಡರೂ ಬೇಕಿಲ್ಲ.