ಉತ್ಸಾಹದ ದಿನಗಳನ್ನೂ ವೈದ್ಯರಿಗೆ ಹೇಳಬೇಕು

ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗವರ್ಗೀಕರಣವು 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಬೈಪೋಲಾರ್ ಎಂಬ ಮನೋವ್ಯಾಧಿಯ ಎರಡನೆಯ ಬಗೆಗೆ ಅದರಲ್ಲಿ ಸ್ವತಂತ್ರ ಸ್ಥಾನ ದೊರೆತಿದೆ. ಅಮೆರಿಕದ ಮನೋವೈದ್ಯರು 1994ರಲ್ಲಿಯೇ ಇದನ್ನು ತಮ್ಮ ಪಟ್ಟಿಗೆ ಸೇರಿಸಿದ್ದರು. ವೈದ್ಯರ ಈ ಮಾತು ನಮಗೇಕೆಂದು ವಾಚಕರು ಪುಟ ತಿರುವಬಾರದಾಗಿ ವಿನಂತಿ.

ನಾವು ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ ನಮ್ಮಲ್ಲಿ ಒಬ್ಬ ಅಡಿಗೆಯವನಿದ್ದ. ವರ್ಷಕ್ಕೊಂದೆರಡು ಸಲ ಆತ ವಾರವಿಡೀ ದಿನಕ್ಕೆ ಮೂರೇ ಗಂಟೆ ಮಲಗಿ, ಇಬ್ಬರ ಕೆಲಸವನ್ನು ನಗುನಗುತ್ತ ಮಾಡುತ್ತಿದ್ದ. ಎಡೆಬಿಡದ ಮಾತು, ಸಾಲ ತಂದು ಸ್ವಂತ ಹೋಟೆಲು ತೆರೆಯುವ ಯೋಜನೆ, ಕೈಯಲ್ಲಿದ್ದ ಸಂಬಳ ಮಿತ್ರರ ಪಾಲು. ಬಳಿಕ ತಿಂಗಳುಗಟ್ಟಲೆ ಮೌನ, ಚಾಪೆ ಬಿಟ್ಟೇಳಲಾರದ ಸ್ಥಿತಿ. ಮೊದಲನೆಯದನ್ನು ಚುರುಕುತನವೆಂದು ಹೊಗಳಿದೆವು. ಎರಡನೆಯದನ್ನು ಸೋಮಾರಿತನವೆಂದು ಗದರಿದೆವು. ಅವೆರಡೂ ಒಂದೇ ವ್ಯಾಧಿಯ ಮುಖಗಳಾಗಿದ್ದಿರಬಹುದೆಂಬ ಅರಿವು ನಮಗಿರಲಿಲ್ಲ.

ತೊಡಕಿರುವುದು ಇಲ್ಲಿಯೇ. ರೋಗಿಯು ವೈದ್ಯರಲ್ಲಿಗೆ ಹೋಗುವುದು ಖಿನ್ನನಾದಾಗ ಮಾತ್ರ. ಉಬ್ಬರದ ದಿನಗಳನ್ನು ತನ್ನ ಒಳ್ಳೆಯ ದಿನಗಳೆಂದೇ ಎಣಿಸಿ, ಹೇಳದೆ ಬಿಡುತ್ತಾನೆ. ಆದುದರಿಂದ ಬರಿಯ ಖಿನ್ನತೆ ಎಂದು ತೀರ್ಮಾನವಾಗುವುದುಂಟು. ಖಿನ್ನತೆಯ ಔಷಧವೊಂದನ್ನೇ ಕೊಟ್ಟರೆ ಇಂಥವರಲ್ಲಿ ಕೆಲವರಿಗೆ ಗುಣ ಕಾಣದು. ಕೆಲವರ ಮನಸ್ಸು ಇನ್ನೊಂದು ತುದಿಗೆ ಜಿಗಿಯಲೂಬಹುದು. ಇವರಿಗೆ ಲಿಥಿಯಂನಂತಹ, ಮನಸ್ಸನ್ನು ಸಮತೂಕದಲ್ಲಿರಿಸುವ ಔಷಧ ಬೇಕಾಗಬಹುದು. ಹಾಗೆಂದು ಸೇವಿಸುತ್ತಿರುವ ಔಷಧವನ್ನು ಯಾರೂ ತಾವಾಗಿ ನಿಲ್ಲಿಸಕೂಡದು. ಇದನ್ನು ಸೌಮ್ಯ ರೂಪವೆನ್ನುವರಾದರೂ ಸೌಮ್ಯವಾದುದು ಉಬ್ಬರ ಮಾತ್ರ, ಖಿನ್ನತೆಯಲ್ಲ. ಆತ್ಮಹತ್ಯೆಯ ಅಪಾಯವೂ ಇದರಲ್ಲುಂಟು.

ಎಲ್ಲ ಸಂತೋಷವೂ ರೋಗವಲ್ಲ. ಕೆಲಸದ ಒತ್ತಡದಿಂದ ನಿದ್ದೆಗೆಟ್ಟವನು ಬಳಲುತ್ತಾನೆ. ಇವನಿಗೆ ನಿದ್ದೆ ಕಡಿಮೆಯಾದರೂ ಬಳಲಿಕೆಯಿಲ್ಲ. ಸ್ವಭಾವಕ್ಕೆ ಮೀರಿದ ಉತ್ಸಾಹ ಅಥವಾ ಸಿಡುಕು, ಓಡುವ ಯೋಚನೆಗಳು, ದುಂದುವೆಚ್ಚ, ಇವು ಸತತ ನಾಲ್ಕು ದಿನಗಳಾದರೂ ಇದ್ದುವೇ ಎಂಬುದನ್ನು ವೈದ್ಯರು ವಿಚಾರಿಸುತ್ತಾರೆ.

ಊರುಬಿಟ್ಟು ಬಂದ ನಮ್ಮವರಲ್ಲಿ ಈ ಬದಲಾವಣೆಯನ್ನು ಕಾಣುವವರು ಮನೆಯವರಲ್ಲ. ಕೋಣೆಯ ಜತೆಗಾರರು, ಪಕ್ಕದ ಮೇಜಿನ ಗುಮಾಸ್ತರು, ಮಾಲಿಕರು. ಖಿನ್ನನಾದ ಗೆಳೆಯನೊಡನೆ ವೈದ್ಯರಲ್ಲಿಗೆ ಹೋಗಿ, ಆತನೊಪ್ಪಿದರೆ ಕಂಡುದನ್ನು ತಿಳಿಸುವುದು ಇವರ ಧರ್ಮ. ಸರಕಾರವು 2022ರ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ, ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಉಚಿತ ಸಲಹೆ ದೊರೆಯುತ್ತದೆ. ನಾವು ಅಂದು ಮಾಡಿದ ತಪ್ಪನ್ನು ಇಂದಿನ ಮಾಲಿಕರು ಮಾಡದಿರಲಿ.